ಸ್ಕ್ಯಾನ್ ಸಿಕ್ಕಿತಲ್ಲ, ಇನ್ನು ಜಾಡಿಯ ಮೀನು ಯಾಕೆ?

2024ರ ಫೆಬ್ರವರಿಯಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ತನ್ನ ಒಣಗಿಡಗಳ ಸಂಗ್ರಹವನ್ನು ಮುಚ್ಚುವುದಾಗಿ ಹೇಳಿತು. ಅದು ನೂರು ವರ್ಷ ಹಳೆಯದು, ಅದರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಅವೆಲ್ಲ ಬೇರೆ ಸಂಸ್ಥೆಗಳಿಗೆ ಹೋಗಬೇಕು ಎಂಬುದು ಆಡಳಿತದ ತೀರ್ಮಾನ. ಮರು ತಿಂಗಳೇ ಅದೇ ದೇಶದಿಂದ ಇನ್ನೊಂದು ಸುದ್ದಿ ಬಂತು. 18 ಸಂಸ್ಥೆಗಳು ಸೇರಿ ಮೀನು, ಕಪ್ಪೆ, ಹಾವು, ಬಾವಲಿ ಹೀಗೆ 13,000ಕ್ಕೂ ಹೆಚ್ಚು ಪ್ರಾಣಿಗಳ ಸಿ.ಟಿ. ಸ್ಕ್ಯಾನ್ ಮಾಡಿ ಮುಗಿಸಿದ್ದವು. ಯೋಜನೆಯ ಹೆಸರು ಓವರ್ಟ್. ಯಾರು ಬೇಕಾದರೂ ಆ ಚಿತ್ರಗಳನ್ನು ಇಳಿಸಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ.

ಎರಡನ್ನೂ ಓದಿದವರಿಗೆ ಒಂದು ಗೊಂದಲ ಸಹಜ. ಮೀನಿನ ಒಳಗೂ ಹೊರಗೂ ಕಂಪ್ಯೂಟರಿನಲ್ಲೇ ಕಾಣುವಾಗ, ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಸತ್ತ ಮೀನು ತುಂಬಿದ ಲಕ್ಷಗಟ್ಟಲೆ ಜಾಡಿಗಳನ್ನು ಕಾಯುತ್ತ ಕೂರುವುದು ಯಾಕೆ? ಮುಚ್ಚುವವರು ಮಾಡುತ್ತಿರುವುದು ಸರಿಯೇ ಅಲ್ವಾ?

ಪ್ರಶ್ನೆ ನ್ಯಾಯವಾದದ್ದೇ. ಮೀನುಗಳ ಸಂಗ್ರಹವನ್ನೇ ತೆಗೆದುಕೊಂಡು ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ. ಯಾಕೆಂದರೆ ಇದರ ಖರ್ಚು, ಅಪಾಯ, ಉಪಯೋಗ ಮೂರೂ ದೊಡ್ಡವು.

ಜಾಡಿಯಲ್ಲಿ ಏನಿರುತ್ತದೆ

ಮೀನು ಬೇಗ ಕೊಳೆಯುತ್ತದೆ. ಹಾಗಾಗಿ ಹಿಡಿದ ಕೂಡಲೇ ಅದನ್ನು ಫಾರ್ಮಾಲಿನ್ ಎಂಬ ರಾಸಾಯನಿಕ ದ್ರವದಲ್ಲಿ ಮುಳುಗಿಸುತ್ತಾರೆ. ಮಾಂಸ ಗಟ್ಟಿಯಾದ ಮೇಲೆ ತೊಳೆದು, ಶೇ. 70ರಷ್ಟಿರುವ ಆಲ್ಕೋಹಾಲ್‌ಗೆ ಹಾಕುತ್ತಾರೆ. ಈಗಿನವರು ಫಾರ್ಮಾಲಿನ್‌ಗೆ ಹಾಕುವ ಮೊದಲೇ ಚೂರು ಮಾಂಸ ಕತ್ತರಿಸಿ ಡಿಎನ್‌ಎಗೆಂದು ತಣ್ಣಗಿನ ಪೆಟ್ಟಿಗೆಯಲ್ಲಿ ಬೇರೆ ಇಡುತ್ತಾರೆ.

ಜಾಡಿಯೊಳಗೇ ಒಂದು ಚೀಟಿ ಇರುತ್ತದೆ. ಎಲ್ಲಿ ಹಿಡಿದದ್ದು, ಯಾವ ದಿನ, ಯಾರು ಹಿಡಿದರು, ಯಾವ ಬಲೆ. ಮೀನಿಗಿಂತ ಈ ಚೀಟಿಯ ಬೆಲೆಯೇ ಜಾಸ್ತಿ ಎಂದರೆ ತಪ್ಪಾಗದು. ಚೀಟಿ ಕಳೆದರೆ ಅದು ಸುಮ್ನೆ ಒಂದು ಸತ್ತ ಮೀನು.

ಅಳತೆಯ ಅಂದಾಜು ಹೇಳುವುದಾದರೆ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿ ಸುಮಾರು 40 ಲಕ್ಷ ಮೀನುಗಳಿವೆ. ಲೂಸಿಯಾನಾದ ಟುಲೇನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ 70 ಲಕ್ಷ ದಾಟಿವೆ. ಅವನ್ನು ಇಟ್ಟಿರುವುದು ಎರಡನೇ ಮಹಾಯುದ್ಧ ಕಾಲದ ಮದ್ದುಗುಂಡಿನ ಕೋಠಿಗಳಲ್ಲಿ. ಭೂಮಿಯ ಮೇಲೆ ಹೆಸರಿರುವ ಮೀನಿನ ಪ್ರಭೇದಗಳು 36,000ಕ್ಕೂ ಹೆಚ್ಚು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಅರ್ಧದಷ್ಟು ಮೀನುಗಳೇ. ಪ್ರತಿ ವರ್ಷ ನೂರಾರು ಹೊಸ ಹೆಸರುಗಳು ಸೇರುತ್ತಲೇ ಇವೆ.

ಹೆಸರಿಗೆ ಆಧಾರ ಬೇಕು

ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಮೀನನ್ನು ಆ ಹೆಸರಿನ ಆಧಾರ ಎಂದು ಗುರುತಿಸಿ ಇಡಬೇಕು. ಅದಕ್ಕೆ ಹೋಲೊಟೈಪ್ ಎನ್ನುತ್ತಾರೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಆ ಮೀನನ್ನೇ ತೆಗೆದು ನೋಡಬೇಕು. ಪುಸ್ತಕದ ವಿವರಣೆ ಎಷ್ಟು ಚೆನ್ನಾಗಿದ್ದರೂ ಅನುಮಾನ ಬಂದಾಗ ಅದು ಸಾಲುವುದಿಲ್ಲ.

ಆಧಾರ ಇಲ್ಲದಿದ್ದರೆ ಏನಾಗುತ್ತದೆ? ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್ 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆ ಸುತ್ತಿ ವರದಿ ಬರೆದ ಬುಕಾನನ್ ಇವನೇ. ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ಮೀನುಗಳಿವೆ, ಚಿತ್ರಗಳೂ ಸೊಗಸಾಗಿವೆ. ಆದರೆ ಮೀನುಗಳು ಉಳಿದಿಲ್ಲ. ಅವನು ಹೇಳಿದ್ದು ಯಾವ ಮೀನು ಎಂದು ಇಂದಿಗೂ ಚರ್ಚೆ ನಡೆಯುತ್ತದೆ. ಎರಡು ಶತಮಾನದ ನಂತರ ಸಂಶೋಧಕರು ಅದೇ ನದಿಗಳಿಗೆ ಹೋಗಿ, ಬದಲಿ ಆಧಾರ ಹುಡುಕಿ ಗೊತ್ತು ಮಾಡಬೇಕಾಗಿದೆ.

ಇದು ಪಂಡಿತರ ತಂಟೆ ಮಾತ್ರ ಅಲ್ಲ. ಕಾವೇರಿಯ ಗೂನು ಬೆನ್ನಿನ ಮಹಶೀರ್ 50 ಕಿಲೋ ಮೀರಿ ಬೆಳೆಯಬಲ್ಲ ಮೀನು. ಬ್ರಿಟಿಷರ ಕಾಲದಿಂದಲೂ ಗಾಳ ಹಾಕುವವರಿಗೆ ಅದು ಗೊತ್ತು. ಆದರೂ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಇರಲಿಲ್ಲ. ಹೆಸರಿಲ್ಲದ ಮೀನನ್ನು ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಲು ಬರುವುದಿಲ್ಲ. ಕಾವೇರಿಯ ಉಪನದಿ ಸರಣಿಯಲ್ಲಿ ಬರುವ ಪಾಂಬಾರ್‌ನ ಮರಿಮೀನುಗಳ ಆಧಾರದ ಮೇಲೆ ಈ ಮೊದಲೇ ಟಾರ್ ರೆಮಾದೇವಿ ಎಂಬ ಹೆಸರು ಕೊಡಲಾಗಿತ್ತು. ಆ ಮೀನೂ ಈ ಮೀನೂ ಒಂದೇ ಎಂದು 2018ರಲ್ಲಿ ತೋರಿಸಲಾಯಿತು. ಅದೇ ವರ್ಷ ಅದು ‘ತೀವ್ರ ಅಪಾಯದಲ್ಲಿರುವ’ ಪಟ್ಟಿಗೆ ಸೇರಿತು. ಹೆಸರು ಗಟ್ಟಿಯಾಗುವವರೆಗೆ ಮೀನಿನ ಸಂಖ್ಯೆ ಇಳಿಯುತ್ತಲೇ ಇತ್ತು, ಕಾಗದದ ಮೇಲೆ ಮಾತ್ರ ಅಂಥ ಮೀನೇ ಇರಲಿಲ್ಲ.

ಹಿಡಿದವರು ಊಹಿಸದ ಪ್ರಶ್ನೆಗಳು

ಹೋಲೊಟೈಪ್ ಮುಖ್ಯ ಎಂದು ಎಲ್ಲರೂ ಒಪ್ಪುತ್ತಾರೆ. ಯಾವ ಸಂಗ್ರಹ ಮುಚ್ಚಿದರೂ ಅದನ್ನು ತೆಗೆದುಕೊಳ್ಳಲು ಯಾರಾದರೂ ಮುಂದೆ ಬರುತ್ತಾರೆ. ನಿಜವಾದ ಜಗಳ ಇರುವುದು ಉಳಿದವುಗಳ ಬಗ್ಗೆ. ಒಂದೇ ಹೊಳೆಯಲ್ಲಿ, ಒಂದೇ ಜಾತಿಯ, ದಶಕದಿಂದ ದಶಕಕ್ಕೆ ಹಿಡಿದಿಟ್ಟ ಸಾಮಾನ್ಯ ಮೀನುಗಳು ಎಷ್ಟು ಬೇಕು? ಇಷ್ಟೊಂದು ಯಾಕೆ?

1970ರ ಸುಮಾರಿಗೆ ಅಮೆರಿಕದ ಮಾರುಕಟ್ಟೆಯ ಟ್ಯೂನಾ ಮತ್ತು ಕತ್ತಿಮೀನುಗಳಲ್ಲಿ ಪಾದರಸ ಪತ್ತೆಯಾಯಿತು. ಆಗ ಸರ್ಕಾರದ ಮಿತಿ ಹತ್ತು ಲಕ್ಷಕ್ಕೆ 0.5 ಭಾಗ ಇತ್ತು. ಕೆಲವು ಮೀನುಗಳಲ್ಲಿ ಅದನ್ನೂ ಮೀರಿತ್ತು. ಕಾರ್ಖಾನೆಗಳು ಸಾಗರವನ್ನೇ ಕೆಡಿಸಿವೆ ಎಂಬ ಗಾಬರಿ ಎದ್ದಿತು. ಆದರೆ ಮೊದಲು ಎಷ್ಟಿತ್ತು ಎಂದು ಗೊತ್ತಿಲ್ಲದೆ ಹೆಚ್ಚಾಗಿದೆ ಎಂದು ಹೇಳುವುದು ಹೇಗೆ? ಸಂಶೋಧಕರು ಮ್ಯೂಸಿಯಂಗೆ ಹೋದರು. 62ರಿಂದ 93 ವರ್ಷ ಹಿಂದೆ ಹಿಡಿದಿದ್ದ ಏಳು ಟ್ಯೂನಾ ಮತ್ತು 25 ವರ್ಷ ಹಳೆಯ ಒಂದು ಕತ್ತಿಮೀನನ್ನು ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳೆಯ ಮೀನುಗಳಲ್ಲೂ ಪಾದರಸ ಹೆಚ್ಚುಕಡಿಮೆ ಅಷ್ಟೇ ಇತ್ತು.

ಇದರಿಂದ ಮಾಲಿನ್ಯವೇ ಇಲ್ಲ ಎಂದಾಗುವುದಿಲ್ಲ. ಎಂಟು ಮೀನು ತೀರ ಕಡಿಮೆ. ದಶಕಗಟ್ಟಲೆ ದ್ರವದಲ್ಲಿದ್ದ ಮೀನಿನ ಅಳತೆ ಏರುಪೇರಾಗಬಹುದು ಎಂಬ ಆಕ್ಷೇಪವೂ ಇದೆ. ಮುಂದೆ 2011ರಲ್ಲಿ ಮ್ಯೂಸಿಯಂಗಳಲ್ಲಿದ್ದ ಆಲ್ಬಟ್ರಾಸ್ ಎಂಬ ಸಮುದ್ರ ಹಕ್ಕಿಯ 120 ವರ್ಷಗಳ ಗರಿಗಳನ್ನು ನೋಡಿದಾಗ ವಿಷಕಾರಿ ಮೀಥೈಲ್ ಪಾದರಸ ಏರಿರುವುದು ಕಂಡಿತು. ಅಂತೂ ವಾದ ಯಾವ ಕಡೆ ವಾಲಿದರೂ ಅದನ್ನು ತೀರಿಸಲು ಹಳೆಯ ಮಾದರಿಗಳೇ ಬೇಕಾದವು.

ಮೈಕ್ರೊಪ್ಲಾಸ್ಟಿಕ್, ಅಂದರೆ ಪ್ಲಾಸ್ಟಿಕ್‌ನ ತೀರ ಸಣ್ಣ ಚೂರುಗಳ ಕಥೆ ಇನ್ನೂ ನೇರವಾದದ್ದು. ಷಿಕಾಗೋದ ಫೀಲ್ಡ್ ಮ್ಯೂಸಿಯಂನ ಮೀನುಗಳನ್ನು ಮುಖ್ಯವಾಗಿ ಬಳಸಿಕೊಂಡು 2021ರಲ್ಲಿ ಒಂದು ಅಧ್ಯಯನ ಬಂತು. ಆರಿಸಿಕೊಂಡದ್ದು ಆ ಪ್ರದೇಶದ ಸಿಹಿನೀರಿನ ನಾಲ್ಕು ಸಾಮಾನ್ಯ ಮೀನುಗಳನ್ನು. ಕರುಳು ಬಿಡಿಸಿ ನೋಡಿದರು. 1950ಕ್ಕೆ ಮೊದಲಿನ ಮೀನುಗಳಲ್ಲಿ ಪ್ಲಾಸ್ಟಿಕ್ ಇಲ್ಲ. ಆಮೇಲೆ ಶುರುವಾಗಿ ಏರುತ್ತಲೇ ಹೋಗಿದೆ. ಸಿಕ್ಕಿದ್ದರಲ್ಲಿ ಹೆಚ್ಚಿನವು ಬಟ್ಟೆಯಿಂದ ಉದುರುವಂಥ ಎಳೆಗಳು. 1920ರಲ್ಲಿ ಆ ಮೀನನ್ನು ಜಾಡಿಗೆ ಹಾಕಿದವರ ಕನಸಿನಲ್ಲೂ ಈ ಪ್ರಶ್ನೆ ಬಂದಿರಲಿಕ್ಕಿಲ್ಲ. ಅವರು ಮೀನನ್ನು ಕರುಳು ಸಮೇತ ಇಟ್ಟರು, ಅಷ್ಟೇ.

ಕರುಳು ಸಮೇತ ಇಟ್ಟದ್ದರಿಂದ ಹುಳುಗಳೂ ಉಳಿದವು. ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ತೋಳಿನಲ್ಲಿ 1880ರಿಂದ 2019ರವರೆಗೆ ಹಿಡಿದ ಎಂಟು ಜಾತಿಯ 699 ಮೀನುಗಳನ್ನು ಸಂಶೋಧಕರು ಕೊಯ್ದು ನೋಡಿದರು. ಒಳಗೆ 17,000ಕ್ಕೂ ಹೆಚ್ಚು ಪರಾವಲಂಬಿಗಳು, 85 ಬಗೆಯವು. ಬದುಕಲು ಮೂರು ಅಥವಾ ಹೆಚ್ಚು ಆಸರೆ ಪ್ರಾಣಿಗಳು ಬೇಕಾದ ಹುಳುಗಳು ಪ್ರತಿ ದಶಕಕ್ಕೆ ಸುಮಾರು ಶೇ. 11ರಂತೆ ಕಡಿಮೆಯಾಗಿವೆ. ಸಮುದ್ರದ ನೀರು ಬೆಚ್ಚಗಾಗಿದ್ದರ ಜೊತೆ ಈ ಇಳಿಕೆ ತಾಳೆಯಾಗುತ್ತದೆ. ಹುಳು ಕಡಿಮೆಯಾದರೆ ಒಳ್ಳೆಯದೇ ತಾನೆ ಎನಿಸಬಹುದು. ಆದರೆ ಬಸವನಹುಳು, ಮೀನು, ಹಕ್ಕಿ ಮೂರನ್ನೂ ದಾಟಿ ಬದುಕುವ ಹುಳು ಸಾಯುತ್ತಿದೆ ಎಂದರೆ, ಆ ಮೂರರ ನಡುವಿನ ಕೊಂಡಿ ಎಲ್ಲೋ ಸಡಿಲವಾಗಿರಬಹುದು. 2019ರ ಮೀನುಗಳಿಂದ ಮಾತ್ರ ಇದು ತಿಳಿಯುತ್ತಿರಲಿಲ್ಲ, ಯಾಕೆಂದರೆ 1880ರಲ್ಲಿ ಯಾರೂ ಹುಳು ಎಣಿಸಿರಲಿಲ್ಲ.

ಅದೃಷ್ಟದ ಪಾತ್ರವೂ ಇದೆ. ಆಲ್ಬಟ್ರಾಸ್ ಎಂಬ ಅಮೆರಿಕದ ಸಂಶೋಧನಾ ಹಡಗು 1907ರಿಂದ 1910ರವರೆಗೆ ಫಿಲಿಪ್ಪೀನ್ಸ್ ಸುತ್ತ ಮೀನು ಹಿಡಿಯಿತು. ಆ ಮೀನುಗಳನ್ನು ಆಲ್ಕೋಹಾಲ್‌ನಲ್ಲಿ ಇಟ್ಟಿದ್ದರು. ಫಾರ್ಮಾಲಿನ್ ಡಿಎನ್‌ಎಯನ್ನು ಹೆಣೆದು ಗಂಟು ಹಾಕುತ್ತದೆ, ಆಲ್ಕೋಹಾಲ್ ಅಷ್ಟು ಹಾಳು ಮಾಡುವುದಿಲ್ಲ. ಹಾಗಾಗಿ ಡಿಎನ್‌ಎ ರಚನೆ ತಿಳಿಯುವ ನಾಲ್ಕು ದಶಕ ಮೊದಲು ಹಿಡಿದ ಮೀನುಗಳನ್ನು ಇಂದಿನ ಮೀನುಗಳ ಜೊತೆ ಜೀನ್ ಮಟ್ಟದಲ್ಲಿ ಹೋಲಿಸುವ ಕೆಲಸ ಸಾಧ್ಯವಾಗಿದೆ.

ಸ್ಕ್ಯಾನ್ ಗೆಲ್ಲುವುದು ಎಲ್ಲಿ, ಸೋಲುವುದು ಎಲ್ಲಿ

ಸಿ.ಟಿ. ಸ್ಕ್ಯಾನ್ ದೊಡ್ಡ ಉಪಕಾರವೇ. ಮೊದಲು ಮೀನಿನ ಎಲುಬು ನೋಡಬೇಕಾದರೆ ಅದನ್ನು ಕೊಯ್ಯಬೇಕಿತ್ತು, ಇಲ್ಲವೇ ರಾಸಾಯನಿಕ ಹಾಕಿ ಮಾಂಸವನ್ನು ಪಾರದರ್ಶಕ ಮಾಡಬೇಕಿತ್ತು. ಈಗ ಹೋಲೊಟೈಪನ್ನೂ ಮುಟ್ಟದೆ ಒಳಗೆ ಇಣುಕಬಹುದು. ಲಂಡನ್ನಿನ ಮೀನನ್ನು ನೋಡಲು ವಿಮಾನ ಹತ್ತಬೇಕಿಲ್ಲ. ಶಾಲೆಯ ಮಕ್ಕಳು ತಲೆಬುರುಡೆಯನ್ನು ತ್ರೀಡಿ ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿಯಬಹುದು.

ಆದರೆ ಸ್ಕ್ಯಾನ್‌ನಲ್ಲಿ ಸಿಗುವುದು ಆಕಾರ. ಪಾದರಸ ಅಳೆಯಲು ಮಾಂಸ ಬೇಕು. ಪ್ಲಾಸ್ಟಿಕ್ ಎಳೆ ಹುಡುಕಲು ಕರುಳು ಬೇಕು. ಡಿಎನ್‌ಎಗೆ ಜೀವಕೋಶ ಬೇಕು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದು ಸುದ್ದಿಗಳಲ್ಲಿ ಬರುವುದಿಲ್ಲ. ಓವರ್ಟ್ ಯೋಜನೆಯ ಗುರಿ ವೈವಿಧ್ಯ. ಬೆನ್ನೆಲುಬಿರುವ ಪ್ರಾಣಿಗಳ ಅರ್ಧಕ್ಕೂ ಹೆಚ್ಚು ಕುಲಗಳಿಂದ (ಹತ್ತಿರದ ಪ್ರಭೇದಗಳ ಗುಂಪುಗಳಿಂದ) ಒಂದೆರಡು ಪ್ರತಿನಿಧಿಗಳನ್ನು ಆರಿಸುವುದು ಅದರ ಲೆಕ್ಕ. ಆ ಗುರಿಗೆ ಅದು ಸರಿಯಾದ ದಾರಿಯೇ. ಆದರೆ ಮೇಲೆ ಹೇಳಿದ ಪ್ಲಾಸ್ಟಿಕ್ ಮತ್ತು ಹುಳುಗಳ ಅಧ್ಯಯನಕ್ಕೆ ಬೇಕಾದದ್ದು ಇದರ ಉಲ್ಟಾ. ಒಂದೇ ಜಾತಿ, ನೂರಾರು ಮೀನು, ನೂರು ವರ್ಷ. ಇವನ್ನು ಯಾರೂ ಸ್ಕ್ಯಾನ್ ಮಾಡುತ್ತಿಲ್ಲ, ಮಾಡಲು ಹಣವೂ ಇಲ್ಲ. ಜಾಗ ಖಾಲಿ ಮಾಡಬೇಕಾಗಿ ಬಂದಾಗ ‘ಒಂದೇ ತರಹದ್ದು ಇಷ್ಟೊಂದು ಇದೆ’ ಎಂದು ಮೊದಲು ಕಣ್ಣಿಗೆ ಬೀಳುವುದೂ ಇವೇ. ಸ್ಕ್ಯಾನ್ ಇದೆಯಲ್ಲ ಎಂಬ ಮಾತನ್ನು ನೆಚ್ಚಿ ಮುಚ್ಚಿದರೆ, ಸ್ಕ್ಯಾನ್ ಆಗದೇ ಇರುವ ಭಾಗವೇ ಹೋಗುತ್ತದೆ.

ಕೊಂದೇ ತರಬೇಕಾ?

ಜಗಳದ ಇನ್ನೊಂದು ಮುಖ ಹೊಸ ಸಂಗ್ರಹದ್ದು. 2014ರ ಏಪ್ರಿಲ್‌ನಲ್ಲಿ ನಾಲ್ವರು ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಒಂದು ಎಚ್ಚರಿಕೆ ಬರೆದರು. ಬೆರಳೆಣಿಕೆಯಷ್ಟೇ ಉಳಿದ ಜೀವಿಯನ್ನು ಮ್ಯೂಸಿಯಂಗೆಂದು ಹಿಡಿದರೆ ಅದರ ಅಳಿವಿಗೆ ನಾವೇ ಕಾರಣವಾಗಬಹುದು, ಒಳ್ಳೆಯ ಫೋಟೊ, ಧ್ವನಿಮುದ್ರಣ, ಒರೆಸಿ ತೆಗೆದ ಡಿಎನ್‌ಎ ಸಾಕಾಗುತ್ತದೆ ಎಂದರು. ಮರು ತಿಂಗಳೇ ಅದೇ ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಉತ್ತರ ಕೊಟ್ಟರು. ಮುಂದಾಳು ಮೀನು ತಜ್ಞ ಲುಯಿಸ್ ರೋಷಾ. ಪ್ರಾಣಿಗಳು ಅಳಿದದ್ದು ನೆಲೆ ಹಾಳಾದದ್ದರಿಂದ, ಬೇಟೆಯಿಂದ, ಹೊರಗಿನ ಜೀವಿಗಳಿಂದ. ಮ್ಯೂಸಿಯಂ ಒಯ್ಯುವುದು ಅದರ ಮುಂದೆ ಲೆಕ್ಕಕ್ಕೇ ಇಲ್ಲ ಎಂಬುದು ಅವರ ವಾದ.

ಮೀನಿನ ವಿಷಯದಲ್ಲಿ ಎರಡನೆಯವರ ಮಾತಿಗೆ ತೂಕ ಹೆಚ್ಚು. ಒಂದು ಟ್ರಾಲರ್ ದೋಣಿ ಒಂದು ದಿನ ಎತ್ತುವ ಮೀನಿನ ಮುಂದೆ ಸಂಶೋಧಕರ ಬಲೆ ಏನೂ ಅಲ್ಲ. ಆದರೆ ಒಂದೇ ಗುಹೆಯಲ್ಲೋ ಒಂದೇ ಚಿಲುಮೆಯಲ್ಲೋ ಬದುಕುವ ಮೀನುಗಳಿವೆ. ಅಲ್ಲಿ ಐದು ಮೀನು ತೆಗೆಯುವುದೂ ದೊಡ್ಡ ಮಾತು. ಅಂಥ ಕಡೆ ಮೊದಲನೆಯವರ ಎಚ್ಚರಿಕೆ ಪೂರ್ತಿ ಸರಿ.

ಫೋಟೊ ಸಾಕೇ ಎಂಬುದಕ್ಕೆ ಸೀಲಕಾಂತ್ ಮೀನಿನ ಇತಿಹಾಸ ನೋಡಬೇಕು. ಡೈನೋಸಾರ್‌ಗಳ ಜೊತೆಗೇ ಅಳಿದಿದೆ ಎಂದುಕೊಂಡಿದ್ದ ಈ ಮೀನು 1938ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಲೆಗೆ ಬಿತ್ತು. ಈಸ್ಟ್ ಲಂಡನ್ ಎಂಬ ಊರಿನ ಮ್ಯೂಸಿಯಂನ ಮಾರ್ಜರಿ ಕೋರ್ಟ್‌ನಿ ಲ್ಯಾಟಿಮರ್ ಅದನ್ನು ಗುರುತಿಸಿ ತಂದರು. ಬೇಸಿಗೆ ಕಾಲ, ಅಷ್ಟು ದೊಡ್ಡ ಮೀನಿಗೆ ಸಾಕಷ್ಟು ಫಾರ್ಮಾಲಿನ್ ಇಲ್ಲ. ಕೊನೆಗೆ ಚರ್ಮ ಉಳಿಸಿ ತುಂಬಿಸಬೇಕಾಯಿತು, ಒಳಗಿನ ಅಂಗಗಳು ಕಸಕ್ಕೆ ಹೋದವು. ಅವನ್ನು ನೋಡಲು ಇನ್ನೊಂದು ಮೀನು ಸಿಗಬೇಕಿತ್ತು. ಅದು ಸಿಕ್ಕಿದ್ದು 1952ರಲ್ಲಿ, ಕೊಮೊರೊಸ್ ದ್ವೀಪಗಳ ಹತ್ತಿರ. 1997ರಲ್ಲಿ ಇಂಡೊನೇಷ್ಯಾದ ಮಾರುಕಟ್ಟೆಯೊಂದರಲ್ಲಿ ಮತ್ತೊಂದು ಸೀಲಕಾಂತ್ ಕಂಡಿತು, ಆಗ ತೆಗೆದದ್ದು ಫೋಟೊ ಮಾತ್ರ. ಮೀನೇ ಕೈಗೆ ಬಂದದ್ದು 1998ರಲ್ಲಿ. ಡಿಎನ್‌ಎ ನೋಡಿ ಅದು ಬೇರೆಯೇ ಪ್ರಭೇದ ಎಂದು 1999ರಲ್ಲಿ ಹೆಸರಿಟ್ಟರು. ನೋಟಕ್ಕೆ ಎರಡೂ ಬಲು ಹತ್ತಿರ. ಬರೀ ಫೋಟೊದಿಂದ ಈ ತೀರ್ಮಾನ ಕಷ್ಟವಿತ್ತು.

ಮುಚ್ಚುವವರ ಮಾತೂ ಕೇಳಬೇಕು

ಆಲ್ಕೋಹಾಲ್ ಆವಿಯಾಗುತ್ತದೆ. ಜಾಡಿಗಳನ್ನು ವರ್ಷ ವರ್ಷ ನೋಡಿ ತುಂಬಿಸಬೇಕು. ಗಾಳಿ, ಉಷ್ಣತೆ ಹದ್ದುಬಸ್ತಿನಲ್ಲಿರಬೇಕು. ಕಿಡಿ ಬಿದ್ದರೆ ಇಡೀ ಕಟ್ಟಡವೇ ಉರಿಯುತ್ತದೆ. 2010ರ ಮೇನಲ್ಲಿ ಬ್ರೆಜಿಲ್‌ನ ಬುಟಾಂಟನ್ ಸಂಸ್ಥೆಗೆ ಬೆಂಕಿ ಬಿದ್ದು, ಆಲ್ಕೋಹಾಲ್‌ನಲ್ಲಿದ್ದ ಸುಮಾರು 80,000 ಹಾವುಗಳು ಹೋದವು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತನ್ನ 2 ಕೋಟಿ 20 ಲಕ್ಷ ಜಾಡಿ ಮಾದರಿಗಳಿಗೆಂದೇ ಬೇರೆ ಕಟ್ಟಡ ಕಟ್ಟಿ 2002ರಲ್ಲಿ ತೆರೆಯಿತು. ಅಂಥ ಶಕ್ತಿ ಸಣ್ಣ ವಿಶ್ವವಿದ್ಯಾಲಯಕ್ಕೆ ಎಲ್ಲಿಂದ ಬರಬೇಕು? ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ನಿವೃತ್ತರಾದರೆ ಆ ಹುದ್ದೆ ಖಾಲಿ ಉಳಿಯುತ್ತದೆ. ಆಮೇಲೆ ಯಾರೂ ಬರುವುದಿಲ್ಲ, ಯಾರೂ ಬರುವುದಿಲ್ಲವೆಂದು ಹಣವೂ ಬರುವುದಿಲ್ಲ.

ಇದರ ವಿಪರೀತ ರೂಪ ಲೂಸಿಯಾನಾದ ಮನ್ರೋದಲ್ಲಿ ಕಂಡಿತು. 2017ರ ಮಾರ್ಚ್‌ನಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಓಟದ ಟ್ರ್ಯಾಕ್ ವಿಸ್ತರಿಸಲು ಸಂಗ್ರಹದ ಜಾಗ ಬೇಕು ಎಂದಿತು. ಸುಮಾರು 60 ಲಕ್ಷ ಮೀನು, ಐದು ಲಕ್ಷದ ಹತ್ತಿರ ಒಣಗಿಡ. ಜುಲೈ ಒಳಗೆ ಬೇರೆ ಸಂಸ್ಥೆ ಸಿಗದಿದ್ದರೆ ನಾಶ ಎಂಬ ಮಾತು ಬಂತು. ಸುದ್ದಿ ಹಬ್ಬಿದ ಮೇಲೆ ಬೇರೆ ಸಂಸ್ಥೆಗಳು ಮುಂದೆ ಬಂದವು. ಗಿಡಗಳು ಟೆಕ್ಸಾಸ್‌ಗೆ ಹೋದವು.

ಈ ವಿಷಯದಲ್ಲಿ ಮ್ಯೂಸಿಯಂಗಳ ಕಡೆಯೂ ತಪ್ಪಿದೆ. ‘ಎಲ್ಲವೂ ಅಮೂಲ್ಯ’ ಎಂಬ ವಾದ ಲೆಕ್ಕ ಕೇಳುವವರ ಮುಂದೆ ನಿಲ್ಲುವುದಿಲ್ಲ. ಚೀಟಿ ಇಲ್ಲದ, ಒಣಗಿ ಮುರುಟಿದ ಮೀನು ಅಮೂಲ್ಯ ಅಲ್ಲ. ಹುಳಿಯಾದ ಫಾರ್ಮಾಲಿನ್‌ನಲ್ಲಿ ಬಹುಕಾಲ ಇದ್ದ ಮೀನಿನ ಕಿವಿಯೊಳಗಿನ ಕಲ್ಲು ಕರಗಿರುತ್ತದೆ, ಅದರಿಂದ ವಯಸ್ಸು ಹೇಳಲು ಬರುವುದಿಲ್ಲ. ಯಾವುದು ಯಾವ ಕೆಲಸಕ್ಕೆ ಬರುತ್ತದೆ ಎಂದು ಬಿಡಿಸಿ ಹೇಳುವ ಸಂಗ್ರಹಗಳೇ ಹಣ ಕೇಳುವಾಗ ಗಟ್ಟಿಯಾಗಿ ನಿಲ್ಲಬಲ್ಲವು. ಕೊಯ್ದು ನೋಡಲು ಸಂಶೋಧಕರಿಗೆ ಬಿಡದೆ ಬೀಗ ಹಾಕಿ ಇಡುವುದೂ ಒಂದು ಬಗೆಯ ನಷ್ಟವೇ.

ಮೀನು ಒಂದು ದೇಶದ್ದು, ಕಪಾಟು ಇನ್ನೊಂದರದ್ದು

ವಸಾಹತು ಕಾಲದಲ್ಲಿ ಹಿಡಿದ ಏಷ್ಯಾ, ಆಫ್ರಿಕಾದ ಮೀನುಗಳು ಇಂದಿಗೂ ಲಂಡನ್, ಪ್ಯಾರಿಸ್, ಲೈಡನ್‌ಗಳಲ್ಲಿವೆ. 2010ರ ನಗೋಯಾ ಒಪ್ಪಂದ 2014ರಲ್ಲಿ ಜಾರಿಗೆ ಬಂತು. ಜೀವಿಗಳಿಂದ ಬರುವ ಲಾಭ ಅವು ಹುಟ್ಟಿದ ದೇಶಕ್ಕೂ ಸಿಗಬೇಕು ಎಂಬುದು ಅದರ ತಿರುಳು. ಅದಕ್ಕೆ ಮೊದಲು ಹೋದ ಮೀನುಗಳ ಮಟ್ಟಿಗೆ ಆ ಒಪ್ಪಂದದಿಂದ ಹೆಚ್ಚಿನ ಉಪಯೋಗವಿಲ್ಲ. ಸ್ಕ್ಯಾನ್ ಇಲ್ಲಿ ಸ್ವಲ್ಪ ಸಮಾಧಾನ ಕೊಡುತ್ತದೆ, ನೋಡುವ ಹಕ್ಕು ಎಲ್ಲರಿಗೂ ಸಿಗುತ್ತದೆ. ಆದರೆ ಕೊಯ್ಯಲು ಅನುಮತಿ ಕೊಡುವವರು ಕಪಾಟಿನ ಒಡೆಯರೇ. ಪ್ರಭೇದದ ಬಗ್ಗೆ ಪ್ರಶ್ನೆ ಎದ್ದಾಗ ಆ ಮೀನು ಬದುಕುವ ನದಿಯ ದಡದ ಸಂಶೋಧಕರು ಇನ್ನೊಂದು ಖಂಡಕ್ಕೆ ಅರ್ಜಿ ಹಾಕಬೇಕು.

ಮುಂದೆ ಆಗಬಹುದಾದದ್ದು

ಸಣ್ಣ ಸಂಗ್ರಹಗಳು ದೊಡ್ಡವುಗಳಲ್ಲಿ ಸೇರಿಕೊಳ್ಳುವುದು ಇನ್ನೂ ನಡೆಯುತ್ತದೆ. ಅದು ಯಾವಾಗಲೂ ಕೆಟ್ಟದ್ದೇನಲ್ಲ. ಒಳ್ಳೆಯ ಕಟ್ಟಡ, ಕಾಯುವ ಸಿಬ್ಬಂದಿ ಸಿಗಬಹುದು. ಆದರೆ ಸಾಗಿಸುವುದೇ ಕಷ್ಟ, ಆಲ್ಕೋಹಾಲ್ ತುಂಬಿದ ಜಾಡಿ ಸಾರಿಗೆ ನಿಯಮಗಳ ಪ್ರಕಾರ ಅಪಾಯಕಾರಿ ಸರಕು. ಒಂದು ಹೊಳೆಯ ಸರಣಿ ನಾಲ್ಕು ಕಡೆ ಹಂಚಿಹೋದರೆ, ಅಥವಾ ‘ಹೆಚ್ಚುವರಿ’ ಎಂದು ಅರ್ಧ ಬಿಟ್ಟುಹೋದರೆ, ಕಾಲದ ಹೋಲಿಕೆ ಅಲ್ಲಿಗೆ ಮುಗಿಯಿತು. ಹೀಗಾಗಿ ಇನ್ನೊಂದು ಸಂಗ್ರಹ ಮುಚ್ಚಿದ ಸುದ್ದಿ ಬಂದಾಗ ಕೇಳಬೇಕಾದದ್ದು ಹೋಲೊಟೈಪ್‌ಗಳು ಎಲ್ಲಿಗೆ ಹೋದವು ಎಂದಷ್ಟೇ ಅಲ್ಲ. ಸಾಮಾನ್ಯ ಮೀನುಗಳ ಸರಣಿ ಒಡೆಯದೆ, ಚೀಟಿ ಮತ್ತು ದಾಖಲೆ ಪುಸ್ತಕಗಳ ಜೊತೆ ಹೋಯಿತೇ ಎಂಬುದನ್ನು ಕೇಳಬೇಕು.

ಹೊಸ ಮೀನು ಸೇರುವುದರ ಬಗ್ಗೆಯೂ ಚಿಂತೆ ಇದೆ. ಇಂದು ಹಿಡಿದು ಇಡದಿದ್ದರೆ 2020ರ ದಶಕದ ನೀರು ಹೇಗಿತ್ತು ಎಂದು ಮುಂದೆ ಕೇಳುವವರಿಗೆ ತೋರಿಸಲು ಏನೂ ಇರುವುದಿಲ್ಲ. ಇದಕ್ಕೆ ಒಂದು ಸುಲಭದ ದಾರಿ ಇದೆ, ಹೆಚ್ಚು ಕೊಲ್ಲುವ ಅಗತ್ಯವೂ ಬೀಳುವುದಿಲ್ಲ. ಮೀನುಗಾರಿಕೆ ಇಲಾಖೆಗಳು ಎಷ್ಟು ಮೀನು ಉಳಿದಿದೆ ಎಂದು ತಿಳಿಯಲು ಸಮೀಕ್ಷೆಯ ಬಲೆ ಹಾಕುತ್ತವೆ. ಬಂದ ಮೀನನ್ನು ಅಳೆದು, ತೂಗಿ, ಹೆಚ್ಚಿನದನ್ನು ಮತ್ತೆ ನೀರಿಗೇ ಎಸೆಯುತ್ತವೆ. ಆ ಮೀನು ಹೇಗೂ ಸತ್ತಿರುತ್ತದೆ. ಪ್ರತಿ ಸಲ ಒಂದು ಹಿಡಿ ಮೀನನ್ನು ಮಾಂಸದ ಚೂರು, ಫೋಟೊ, ಚೀಟಿ ಸಮೇತ ಮ್ಯೂಸಿಯಂಗೆ ಕಳಿಸಿದರೆ ಸರಣಿ ತನ್ನಷ್ಟಕ್ಕೆ ಬೆಳೆಯುತ್ತದೆ. ಬಲೆಯ ಖರ್ಚು ಆಗಲೇ ಆಗಿರುತ್ತದೆ. ಉಳಿಯುವುದು ಜಾಡಿ, ಆಲ್ಕೋಹಾಲ್ ಮತ್ತು ನೋಡಿಕೊಳ್ಳುವ ಒಬ್ಬರ ಸಂಬಳ. ಸದ್ಯಕ್ಕೆ ಮೀನುಗಾರಿಕೆಯವರು ಅದು ಮ್ಯೂಸಿಯಂನ ಬಾಬ್ತು ಎನ್ನುತ್ತಾರೆ, ಮ್ಯೂಸಿಯಂಗಳ ಬಳಿ ಹಣವಿಲ್ಲ.